ಫ್ಯೂಸು

ರಾತ್ರಿ ಒಂದೂವರೆ. ಯಲಹಂಕದಾಚೆಯ ಲ್ಯಾಬು.
ಕಾನ್‌ಫೋಕಲ್ ಕೋಣೆಯ ದೀಪ ಆರಿಸಿದ್ದೇನೆ.
ತಟ್ಟೆ ನಾಲ್ಕು, ಸೋಂಕು ತಗುಲಿ ಹದಿನೆಂಟನೇ ಗಂಟೆ.
ಹೆದ್ದಾರಿಯಲ್ಲಿ ಏರ್‌ಪೋರ್ಟ್ ಬಸ್ಸು ಹೋದರೆ
ಮೇಜು ನಡುಗುತ್ತದೆ, ಚಿತ್ರ ಕದಡುತ್ತದೆ,
ಮತ್ತೆ ಫೋಕಸ್ಸು.

ಕೆಂಪು ಹಚ್ಚಿದ್ದು ಮೈಟೊಕಾಂಡ್ರಿಯಕ್ಕೆ.
ಹಸಿರು, ವೈರಸ್ಸಿನ ಪ್ರೋಟೀನಿಗೆ.
ಎರಡೂ ಕೂಡಿದಲ್ಲಿ ಹಳದಿ.
ಈ ರಾತ್ರಿ ಎಲ್ಲೆಲ್ಲೂ ಹಳದಿ,
ಮದುವೆ ಮನೆಯ ಹೊಸ್ತಿಲಿನ ಹಾಗೆ.

ಈ ಕೋಶಗಳ ಮೂಲ ಒಂದು ಹೆಣ್ಣು ಕೋತಿ,
ನಾನು ಹುಟ್ಟುವ ಮೊದಲೇ ಎಲ್ಲೋ ಸತ್ತದ್ದು.
ಅದರ ಮೂತ್ರಪಿಂಡದ ಚೂರು ಮಾತ್ರ
ತಟ್ಟೆಯಿಂದ ತಟ್ಟೆಗೆ, ದೇಶದಿಂದ ದೇಶಕ್ಕೆ
ಮೊಸರಿನ ಹೆಪ್ಪಿನ ಹಾಗೆ ಕೈದಾಟಿ ಬಂದು
ಇಲ್ಲಿ ಮೂವತ್ತೇಳು ಡಿಗ್ರಿಯಲ್ಲಿ ಬದುಕಿದೆ.
ಒಳಗೆ ಉರಿಯುವುದು ಅದರ ತಾಯಿಯ ಕಿಚ್ಚು.
ತಂದೆಯ ಕಡೆಯಿಂದ ಬರುವುದಿಲ್ಲ ಇದು,
ಕೋತಿಗಾಗಲಿ, ನನಗಾಗಲಿ.

ಅಮ್ಮ ಕಬ್ಬನ್‌ಪೇಟೆಯ ಓಣಿಯಲ್ಲಿ ಕಂಡಿಕೆ ಸುತ್ತುತ್ತಿದ್ದಳು.
ಹನ್ನೆರಡು ಮಗ್ಗ, ಒಂದು ಮೀಟರು, ಒಂದೇ ಕಿಟಕಿ.
ಆಷಾಢ ಕಳೆದ ವಾರ. ಅಡ್ವಾನ್ಸು ಕೊಟ್ಟ ಸಾಹುಕಾರರದು
ಮುನ್ನೂರು ಸೀರೆ ಬಾಕಿ.
ಬೋರ್ಡಿನಿಂದ ಸುಟ್ಟ ವಾಸನೆ ಬಂದಾಗ
ಎದ್ದಳು, ಫ್ಯೂಸು ಕೀಳಲು.
ಪಟ್ಟಾಭಿ ಮೇಸ್ತ್ರಿ ಬಲಗೈ ಹಿಡಿದ:
"ಗಂಗರತ್ನಾ, ಇದೊಂದು ಸೀರೆ ಇಳೀಲಿ,
ಆಮೇಲೆ ಏನಾದ್ರೂ ಮಾಡ್ಕೋ."

ಕೋಶಕ್ಕೂ ಇದೆ ಅಂಥದೊಂದು ಫ್ಯೂಸು.
ಒಳಗೆ ಯಾರೋ ನುಗ್ಗಿದ್ದು ತಿಳಿದರೆ
ಮೈಟೊಕಾಂಡ್ರಿಯದ ಹೊರಗೋಡೆಗೆ ತಾನೇ ತೂತು ಕೊರೆದು
ಸೈಟೊಕ್ರೋಮನ್ನು ಹೊರಗೆ ಚೆಲ್ಲುತ್ತದೆ.
ಅಷ್ಟೇ. ಒಂದೊಂದೇ ಕತ್ತರಿ ಬಾಯಿ ತೆರೆಯುತ್ತದೆ.
ತನ್ನನ್ನೇ ತುಂಡು ಮಾಡಿ, ಪೊಟ್ಟಣ ಕಟ್ಟಿಟ್ಟು
ಪಕ್ಕದ ಮನೆಗೆ ಕಿಡಿ ಹಾರದಂತೆ ಸಾಯುತ್ತದೆ.
ವರದಿಯಲ್ಲಿ ಇದಕ್ಕೆ ಕೋಶಮರಣ ಎನ್ನುತ್ತೇವೆ.
ನನ್ನ ಬಳಿ ಬೇರೆ ಹೆಸರಿದೆ,
ಬರೆದರೆ ಪ್ರೊಫೆಸರು ಹೊಡೆದುಹಾಕುತ್ತಾರೆ.

ಹಸಿರು ಬರುವುದು ಸರಿಯಾಗಿ ಆ ಹೊತ್ತಿಗೆ.
ಕೊಲ್ಲಲು ಬರುತ್ತದೆ ಎಂದೇ ತಿಳಿದಿದ್ದೆ ಮೊದಲು.
ಇಲ್ಲ. ತೂತು ಕೊರೆಯುವ ಕೈ ಹಿಡಿದು
ಸಾಯಬೇಡ ಅನ್ನುತ್ತದೆ. ಏನು ಅಕ್ಕರೆ!
ಇನ್ನೊಂದು ಸಾವಿರ ಮರಿ ಇಳಿಯಲಿ, ಆಮೇಲೆ.
ಆಮೇಲೆ ಎಂಬುದು ಬಂದೇ ಬರುತ್ತದೆ:
ಅದೇ ವೈರಸ್ಸಿನ ಇನ್ನೊಂದು ಪ್ರೋಟೀನು
ಒಲೆ ಒದ್ದು, ಗೋಡೆ ಒಡೆದು ಹೊರಡುತ್ತದೆ
ಲೆಕ್ಕ ಚುಕ್ತಾ ಮಾಡದೆ.

ಮೈಟೊಕಾಂಡ್ರಿಯವೂ ಹೊರಗಿನದೇ, ಬಿಡಿ.
ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ
ಮನೆ ಹುಡುಕಿಕೊಂಡು ಬಂದ ಬ್ಯಾಕ್ಟೀರಿಯ.
ಹತ್ತು ತಿಂಗಳ ಅಡ್ವಾನ್ಸು ಕೇಳದೆ
ಒಳಗೆ ಬಿಟ್ಟುಕೊಂಡರು ಯಾರೋ ಪುಣ್ಯಾತ್ಮರು,
ಈ ಊರಿನವರಲ್ಲ.
ಬಂದದ್ದು ಒಲೆ ಹೊತ್ತಿಸಿತು. ಮನೆಯವಳಾಯಿತು.
ಸಾಯುವ ಹೊತ್ತು ಯಾವುದೆಂದು ಹೇಳುವ ಹಕ್ಕೂ
ಅವಳ ಸೊಂಟಕ್ಕೇ ಬಂತು, ಬೀಗದ ಕೈಯ ಜೊತೆಗೆ.

ಅಮ್ಮ ಎಡಗೈಯಲ್ಲಿ ಕಿತ್ತಳು.
ಹನ್ನೆರಡು ಮಗ್ಗ ಒಂದೇ ಉಸಿರಿಗೆ ನಿಂತವು.
ಕತ್ತಲಲ್ಲಿ ಯಾರೋ ಬೈದರು, ಯಾರೋ ನಕ್ಕರು.
ಕೆಲಸ ಹೋಯಿತು, ಓಣಿ ಉಳಿಯಿತು.
ಸೆರಗಿನಲ್ಲಿ ಕಟ್ಟಿ ತಂದ ಆ ಪಿಂಗಾಣಿ ತುಂಡು
ಇವತ್ತೂ ಇದೆ ಅಡುಗೆಮನೆಯಲ್ಲಿ
ಮೆಂತ್ಯದ ಡಬ್ಬಿಯ ಹಿಂದೆ, ತಂತಿಯಿಲ್ಲದೆ.

ತಟ್ಟೆಯ ಅಂಚಿನಲ್ಲಿ ಒಂದು ಕೋಶ.
ಹಸಿರು ಸುತ್ತ ಬಿಗಿದಿದೆ,
ಆದರೂ ಕೆಂಪು ಆರುತ್ತಿದೆ, ಚುಕ್ಕಿ ಚುಕ್ಕಿಯಾಗಿ.
ನೆರೆಯ ಐದಾರು ಇನ್ನೂ ಶುದ್ಧ ಕೆಂಪು,
ಏನಾಯಿತೆಂದು ಗೊತ್ತೇ ಇಲ್ಲ ಅವಕ್ಕೆ.

ಎಡಗೈ, ಅಂದುಕೊಂಡೆ.

ಚಿತ್ರ ಉಳಿಸುವಾಗ ಯಂತ್ರ ಹೆಸರು ಕೇಳಿತು.
ತಟ್ಟೆ ನಾಲ್ಕು, ಗಂಟೆ ಹದಿನೆಂಟು,
ಎಂದಷ್ಟೇ ಹಾಕಿದೆ.
ಹೆದ್ದಾರಿಯಲ್ಲಿ ಮತ್ತೊಂದು ಬಸ್ಸು.