ಹೆಸರಿನ ಹಿಂದೋ ಮುಂದೋ

ಶಿಡ್ಲಘಟ್ಟದಲ್ಲಿ, ಫಿಲೇಚರಿನ ಮೇಲಿನ ಕೋಣೆಯಲ್ಲಿ
ರಾತ್ರಿ ಏಳೂವರೆಗೆ ನನ್ನ ಇಂಗ್ಲಿಷು ಪಾಠ.
ಕೆಳಗೆ ಬಾಯ್ಲರು ಏದುಸಿರು ಬಿಡುತ್ತದೆ,
ಸೀಮೆಸುಣ್ಣ ಕೂಡ ಬೆವರುತ್ತದೆ.

ಖೈರುನ್ನೀಸಾ ಬರೆದಿದ್ದಳು:
‘ದಿ ಬಾಯಿಲಿಂಗ್ ಇನ್ ವಾಟರ್ ಕಕೂನ್.’
ಕೆಂಪು ಗೀಟು ಎಳೆಯಹೋದವನು ನಿಂತೆ.
ಮನೆಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು,
ಬೇಸಿನ್ನಿನ ಮುಂದೆ ಕನ್ನಡ;
ಮೂರರಲ್ಲೂ ಹೆಸರು ಬರುವುದು ಕೊನೆಗೇ.

‘ಅವರಲ್ಲಿ ಮೊದಲು ಗೂಡು’ ಎಂದೆ, ‘ಆಮೇಲೆ ಎಳೆ.
ಕಕೂನ್ ಅಂದುಬಿಡು.
ಬೇಯುವುದು, ನೀರು, ಎಲ್ಲ
ಅದರ ಬೆನ್ನಿಂದ ಬಿಚ್ಚಿಕೊಂಡು ಬರಲಿ.’

‘ಹಂಗಾದ್ರೆ ಅವರದು ರೀಲಿಂಗು ಸಾರ್.
ನಮ್ಮದು ಹುಳದ ಕೆಲಸ.
ಸುತ್ತೀ ಸುತ್ತೀ ಸುತ್ತೀ
ಕೊನೆಗೆ ಒಳಗೆ ಹೆಸರು.’

ಇಪ್ಪತ್ತೆರಡು ವರ್ಷದಿಂದ ಈ ಪಾಠ ಮಾಡುತ್ತಿದ್ದೇನೆ.
ಹೀಗೆ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಮುಂದಿನ ವಾರ ತೊಡಕು. ಹಲಗೆಯ ಮೇಲೆ
‘ಕುಡಿಯುವ ನೀರು’ ಎಂದು ಬರೆದೆ.
ಹಿಂದಿನ ಬೆಂಚಿಂದ ನಾರೆಮ್ಮ:
‘ಕುಡಿಯುವ ಗಂಡ.’
ನಗು ಕಿಟಕಿ ದಾಟಿ ಸಂತೆಬೀದಿಯವರೆಗೂ ಹೋಯಿತು.

ನೀರು ಏನನ್ನೂ ಕುಡಿಯುವುದಿಲ್ಲ,
ನಾರೆಮ್ಮನ ಗಂಡನನ್ನು ಯಾರೂ ಕುಡಿಯುವುದಿಲ್ಲ,
ಒಂದೇ ‘ಕುಡಿಯುವ’ ಎರಡು ಮನೆಯಲ್ಲಿ ಬಾಳುತ್ತದೆ,
ನಾವು ಎಡವುವುದೂ ಇಲ್ಲ.
ಇಂಗ್ಲಿಷಿಗೆ ಮಾತ್ರ ಅನುಮಾನ.
ನೀರಿಗೆ ‘ಟು ಡ್ರಿಂಕ್’, ಗಂಡನಿಗೆ ‘ಡ್ರಿಂಕಿಂಗ್’,
ಮಾರುಕಟ್ಟೆಯ ಲಾಟಿನಂತೆ ಬೇರೆ ಬೇರೆ ಚೀಟಿ.

‘ಇಂಗ್ ಅಂದರೆ ಆಗುತ್ತಿರುವುದು.
ಇಡಿ ಅಂದರೆ ಆಗಿಹೋದದ್ದು,
ಬೇರೆಯವರು ಮಾಡಿ ನಮ್ಮ ಮೇಲೆ ಉಳಿದದ್ದು.
ಟು ಅಂದರೆ ಇನ್ನೂ ಆಗಬೇಕಾದದ್ದು.
“ಎ ವುಮನ್” ಎಂದು ಬರೆದು ಮುಂದೆ ತುಂಬಿಸಿ,
ಮೂರು ಬಗೆ. ನಾಳೆಗೆ.’

ಖೈರುನ್ನೀಸಾಳ ಹಾಳೆ ನೆನೆದು ಒಣಗಿತ್ತು,
ಪ್ಯೂಪಾದ ವಾಸನೆ.
ಅವಳ ಇಂಗ್ಲಿಷನ್ನು ಅದರ ಸಾಲಿನಲ್ಲೇ ಇಡುತ್ತೇನೆ:

ಹೆಂಗಸು, ಗೂಡು ಬೇಯಿಸುತ್ತಿರುವ.
ಹೆಂಗಸು, ಬಿಸಿನೀರಲ್ಲಿ ಬೆರಳು ಬೆಂದ.
ಹೆಂಗಸು, ಟು

ಅಷ್ಟೇ. ಕೆಳಗೆ ನಾಲ್ಕು ಗೆರೆ ಖಾಲಿ ಇದ್ದವು,
ಪೆನ್ನಿನಲ್ಲಿ ಇಂಕೂ ಇತ್ತು; ‘ಟು’ ಪಕ್ಕ
ತುದಿ ಒತ್ತಿ ಒತ್ತಿ ಒಂದು ನೀಲಿ ಚುಕ್ಕೆ.

ಅಂಚಿನಲ್ಲಿ ‘ಇಲ್ಲಿ ಕ್ರಿಯಾಪದದ ಮೂಲರೂಪ ಬರಬೇಕು’
ಎಂದು ಬರೆದು ಪುಸ್ತಕ ವಾಪಸ್ಸು ಕೊಟ್ಟೆ.

‘ಗೊತ್ತು ಸಾರ್’ ಅಂದಳು.
‘ಆರಿಸ್ತಾ ಇದೀನಿ.’