ಎಣಿಕೆ

ಔಲು ಊರಲ್ಲಿ ಮೈನಸ್ ಇಪ್ಪತ್ತೊಂಬತ್ತು.
ತೌನೋನ ಗಾಜಿನ ಪೆಟ್ಟಿಗೆಯೊಳಗೆ ಮಾತ್ರ
ಹನ್ನೆರಡು ತಿಂಗಳೂ ಬೇಸಿಗೆ:
ಬಲ್ಬಿನ ಸೂರ್ಯ, ಪಂಪಿನ ಹೊಳೆ,
ಕೊರಡಿಗೆ ಸುತ್ತಿಕೊಂಡ ಪಟ್ಟೆ ಹಾವು,
ಕಲ್ಲಿನ ಮೇಲೆ ಕತ್ತು ಚಾಚಿದ ಆಮೆ.

ದಿನಾ ಕಾಫಿಗೂ ಮುಂಚೆ
ಸಿರ್ಕಾ ಮೀನು ಎಣಿಸುತ್ತಾಳೆ.
ಒಂಬತ್ತು. ಒಂಬತ್ತು. ಎಂಟು.
ಆಮೆ ಕಣ್ಣು ಮುಚ್ಚಿದೆ.
ಹಾವಿಗೆ ಮುಚ್ಚಲು ರೆಪ್ಪೆಯೇ ಇಲ್ಲ.
"ಒಟ್ಟಿಗೆ ಇಡಬಾರದಿತ್ತು" ಅಂತಾಳೆ.
"ನಾವಿಲ್ಲವೇ?" ಅಂತಾನೆ.

ಮೊನ್ನೆ ರಾತ್ರಿ ಕರೆಂಟು ಹೋಯಿತು.
ಹಾವು ಅವನ ಸ್ವೆಟರಿನೊಳಗೆ,
ಆಮೆ ಅವಳ ಉಣ್ಣೆ ಟೋಪಿಯೊಳಗೆ,
ಮೀನುಗಳಿಗೆ ಸೌನಾ ಒಲೆಯ ಬಿಸಿನೀರು
ಬಾಟಲಿಗಳಲ್ಲಿ ತುಂಬಿ ತೇಲಿಬಿಟ್ಟು
ಕೂತರು, ಬೆನ್ನಿಗೆ ಬೆನ್ನು ಕೊಟ್ಟು.
ಮದುವೆಯಾದ ಹೊಸತರಲ್ಲೂ ಹಾಗೆ ಕೂತದ್ದಿಲ್ಲ.

ನಾಲ್ಕಕ್ಕೆ ಪಂಪು ಗುಳುಗುಳು ಅಂದಿತು.
ಸಿರ್ಕಾ ಎಣಿಸಿದಳು, ಮತ್ತೆ ಎಣಿಸಿದಳು.
ಎಂಟೇ.
ಆಮೆ ಟೋಪಿಯಲ್ಲಿ ಉಚ್ಚೆ ಹೊಯ್ದಿತ್ತು.