ಕರಿಹೇನಿನ ಖಾತೆ

ಶೆಫೀಲ್ಡಿನ ಗುಡ್ಡದಿಳಿಜಾರು, ನಲವತ್ತೊಂದನೇ ತುಂಡು.
ಬಾಡಿಗೆ ವರ್ಷಕ್ಕೆ ನೂರಿಪ್ಪತ್ತು ಪೌಂಡು, ನೀರು ಬೇರೆ.
ಜೂನ್ ತಿಂಗಳ ಭಾನುವಾರ.
ಬ್ರಾಡ್ ಬೀನ್ಸಿನ ಕುಡಿಗೆ
ಯಾರೋ ಮಸಿ ಮೆತ್ತಿದ ಹಾಗೆ ಕರಿಹೇನು.

ಬೇಲಿಯಾಚೆಯಿಂದ ಡೋರೀನ್
ಸೋಪುನೀರಿನ ಬಾಟಲಿ ಚಾಚುತ್ತಾಳೆ:
"ಹೊಡಿ, ಯೋಚಿಸಬೇಡ."
ವಾರವಿಡೀ ಕಾರ್ಪೆಟ್ ಕಂಪನಿಯ ಲೆಕ್ಕ ಬರೆಯುವ ಕೈ ಇದು;
ಜಮೆ ಯಾವುದು ಖರ್ಚು ಯಾವುದು ತಿಳಿಯದೆ
ಸಹಿ ಹಾಕಿದ್ದಿಲ್ಲ.
ಭೂತಗನ್ನಡಿ ಹಿಡಿದು ಮಂಡಿಯೂರಿದೆ.

ಇರುವೆ ಮೀಸೆಯಿಂದ ಬೆನ್ನು ತಟ್ಟುತ್ತದೆ,
ಕೆಚ್ಚಲು ನೇವರಿಸಿದಂತೆ.
ಹೇನು ತೊರೆ ಬಿಡುತ್ತದೆ: ಒಂದೇ ಹನಿ,
ಬಿಸಿಲು ಅದರೊಳಗೆ ಹೊಕ್ಕು ಬರುವಷ್ಟರಲ್ಲಿ ಮಾಯ.
ಗುಲಗಂಜಿ ಹುಳು ಹತ್ತಿ ಬಂತು, ಎರಡೇ ಹೆಜ್ಜೆ;
ನಾಲ್ಕು ಇರುವೆ ಕಾಲು ಕಚ್ಚಿ
ಕೊತ್ತಂಬರಿ ಮಡಿಗೆ ಉರುಳಿಸಿದವು.
ಬರೆದುಕೊಂಡೆ: ಕಾವಲು, ಜಮೆ.

ಆದರೆ ಕಾವಲಿಲ್ಲದ ಪಕ್ಕದ ಸಾಲಿನವು
ಮೈದುಂಬಿವೆ. ಹನಿ ದೊಡ್ಡದು, ಅಪರೂಪಕ್ಕೆ.
ಇಲ್ಲಿನವು ಸಣಕಲು.
ಕೇಳಿದಾಗಲೆಲ್ಲ ಕೊಟ್ಟು ಕೊಟ್ಟು
ಹೊಟ್ಟೆಯೊಳಗಿನ ಮಗಳ,
ಆ ಮಗಳೊಳಗೆ ಆಗಲೇ ಕೂತ ಮೊಮ್ಮಗಳ ಪಾಲೂ
ಕರೆದು ಹೋಗಿದೆ.
ಇದು ಯಾವ ಕಾಲಮ್ಮಿಗೆ?

ಇನ್ನು ರೆಕ್ಕೆ.
ಮೂಡಿದ ಒಂದೆರಡನ್ನು ಇರುವೆ ಕತ್ತರಿಸಿತು,
ಕೂಸಿನ ಉಗುರು ತೆಗೆದಷ್ಟು ನಾಜೂಕಾಗಿ.
ಹೇನು ಅಲುಗಲೂ ಇಲ್ಲ. ಇರುವೆ ನಡೆದ ಹಾದಿಯ ವಾಸನೆಗೇ
ಅವಕ್ಕೆ ಕಾಲು ಏಳುವುದಿಲ್ಲವಂತೆ.

"ಕ್ಲಿಫರ್ಡ್ ಒಳ್ಳೆಯವನು," ಡೋರೀನ್ ಇದ್ದಕ್ಕಿದ್ದಂತೆ.
"ನಲವತ್ತಾರು ವರ್ಷ ಒಂದು ಬಿಲ್ ನಾನು ಕಟ್ಟಲಿಲ್ಲ,
ಒಂದು ದಿನ ಸ್ಟೇರಿಂಗ್ ಮುಟ್ಟಲಿಲ್ಲ.
ಈಗ ನೋಡು, ರಿವರ್ಸ್ ಬರುವುದಿಲ್ಲ."
ಎಂದು ನಕ್ಕಳು, ಪೂರ್ತಿ ಅಲ್ಲ.

ಇರುವೆಗೂ ಖರ್ಚಿದೆ, ಸುಳ್ಳು ಬರೆಯಬಾರದು:
ಮಳೆಯಲ್ಲೂ ಗೂಡು ಕಾಣದ ಮೂವರು ಕಾವಲಿಗೆ;
ಒಂದನ್ನು ಈಗಷ್ಟೇ ಜೇಡ ಎಳೆದೊಯ್ದಿತು.
ಬೀನ್ಸ್ ಗಿಡಕ್ಕೆ ಮಾತ್ರ ಕಾಲಮ್ಮೇ ಇಲ್ಲ.
ರಸ ಅದರದು, ಒಪ್ಪಂದ ಇವರದು.
ಅದರ ತುದಿಯೆಲೆ ಮುರುಟಿ
ಮುಷ್ಟಿ ಹಿಡಿದಿದೆ.

ಗಾಳಿ ಎದ್ದಿತು. ಒಂದು ಇರುವೆ
ಹೇನನ್ನು ಬಾಯಲ್ಲಿ ಕಚ್ಚಿ ದಂಟಿನುದ್ದ ಇಳಿಯುತ್ತಿದೆ:
ಎಳೆಯ ಗಿಡಕ್ಕೆ ದಾಟಿಸಲಿಕ್ಕೋ,
ಗೂಡಿನ ಮರಿಗಳ ಇವತ್ತಿನ ಊಟಕ್ಕೋ.
ಬೆಕ್ಕಿನ ಬಾಯಲ್ಲಿರುವುದು ಮರಿಯೋ ಇಲಿಯೋ
ದೂರದಿಂದ ಹೇಳಲಾಗದು;
ಹತ್ತಿರದಿಂದಲೂ ನನಗೆ ತಿಳಿಯಲಿಲ್ಲ.
ಹೇನು ಮಾತ್ರ ಕಾಲು ಮಡಚಿ
ನೆಮ್ಮದಿಯಾಗಿ ಕೂತಂತಿದೆ.

ಬಾಟಲಿ ಕೈಯಲ್ಲೇ ಉಳಿಯಿತು.
"ಹೊಡೆದೆಯಾ? ಬೇಗ ಬಾ, ಪಕ್ಕ ಕೂರು,"
ಡೋರೀನ್ ಆಗಲೇ ಗೇಟಿನ ಹತ್ತಿರ,
ಕ್ಲಿಫರ್ಡನ ಕಾರಿನ ಕೀ
ಬೆರಳಲ್ಲಿ ತಿರುಗಿಸುತ್ತ.